ಚಿಕ್ಕ ಟ್ರಾವೆಲ್ ಟ್ರೇಲರ್‌ಗೆ ಇಲಿ ನುಗ್ಗದಂತೆ ಕಾಪಾಡಿಕೊಳ್ಳುವುದು ಹೇಗೆ? ಚಳಿಗಾಲಕ್ಕೆ ಮುಂಚಿನ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂದ ಹಾಗೆ ರಾತ್ರಿಗಳು ತಣ್ಣಗಾಗುತ್ತವೆ. ಕ್ಯಾಂಪಿಂಗ್ ಸೀಸನ್ ಆಯಿತು ಅಂತ ನಾವು ಟ್ರೇಲರನ್ನು, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯನ್ನು, ಮನೆ ಪಕ್ಕಕ್ಕೋ ಸ್ಟೋರೇಜ್ ಯಾರ್ಡಿಗೋ ತಂದು ನಿಲ್ಲಿಸಿ ಬೀಗ ಹಾಕುತ್ತೇವೆ. ಇಲಿಗಳು ಬೆಚ್ಚನೆಯ ಜಾಗ ಹುಡುಕುವುದೂ ಅದೇ ಹೊತ್ತಿಗೆ. ತಿಂಗಳುಗಟ್ಟಲೆ ಯಾರೂ ಬಾಗಿಲು ತೆಗೆಯದ, ನೆಲದಡಿ ಮೆತ್ತನೆಯ ಇನ್ಸುಲೇಶನ್ ತುಂಬಿದ, ಮೂಲೆಯಲ್ಲಿ ಒಂದಿಷ್ಟು ಬಿಸ್ಕತ್ತಿನ ಪುಡಿ ಉಳಿದ ಜಾಗ ಸಿಕ್ಕರೆ ಅವಕ್ಕೆ ಇನ್ನೇನು ಬೇಕು?

2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಆರ್‌ವಿಗಳು (ಟ್ರೇಲರ್ ಸೇರಿದಂತೆ ಒಳಗೇ ವಾಸಿಸಬಹುದಾದ ಪ್ರವಾಸಿ ಗಾಡಿಗಳು) ಹೊರಬಿದ್ದವು. ಅದು ದಾಖಲೆ. ಆಗ ಕೊಂಡ ಟ್ರೇಲರ್‌ಗಳಲ್ಲಿ ಎಷ್ಟೋ ಈಗ ಮನೆ ಅಂಗಳದಲ್ಲಿ ಚಳಿಗಾಲ ಕಳೆಯುತ್ತಿವೆ. ನಮ್ಮ ಕನ್ನಡದ ಮನೆಗಳಲ್ಲೂ 16, 17 ಅಡಿಯ ಚಿಕ್ಕ ಟ್ರೇಲರ್ ಇಟ್ಟುಕೊಂಡವರು ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪುದೀನ ಎಣ್ಣೆ, ಶಬ್ದದ ಯಂತ್ರ, ವಿಷದ ಗುಳಿಗೆ ಅಂತ ಅಂಗಡಿಯಲ್ಲಿ ನೂರೆಂಟು ಸಿಗುತ್ತವೆ. ನಿಜವಾಗಿ ಕೆಲಸ ಮಾಡುವುದು ತೂತು ಮುಚ್ಚುವುದು ಮಾತ್ರ. ಎರಡು ಶನಿವಾರ ಕೂತು ಈ ಕೆಲಸ ಮಾಡಿದರೆ ಮುಂದೆ ತೂತುಗಳ ಮೇಲೆ ವರ್ಷಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು.

ಬರುವುದು ಯಾವ ಇಲಿ?

ನಮಗೆ ಊರಿನ ಹೆಗ್ಗಣ ಗೊತ್ತು. ಇಲ್ಲಿ ಟ್ರೇಲರ್‌ಗೆ ನುಗ್ಗುವುದು ಹೆಚ್ಚಾಗಿ ಬೆರಳುದ್ದದ ಎರಡು ಜಾತಿ. ಒಂದು ಮನೆ ಇಲಿ. ಮೈಯೆಲ್ಲ ಬೂದು ಕಂದು, ಬಾಲವೂ ಒಂದೇ ಬಣ್ಣ. ಇನ್ನೊಂದು ಡೀರ್ ಮೌಸ್. ಬೆನ್ನು ಕಂದು, ಹೊಟ್ಟೆ ಮತ್ತು ಪಾದ ಬಿಳಿ, ಕಣ್ಣು ಕಿವಿ ದೊಡ್ಡದು. ಬಾಲವೂ ಮೇಲೆ ಕಪ್ಪು, ಕೆಳಗೆ ಬಿಳಿ. ನೋಡೋಕೆ ಮುದ್ದಾಗಿರುತ್ತದೆ. ಆದರೆ ಹಂಟಾವೈರಸ್ ಅನ್ನುವ ಮಾರಕ ರೋಗಾಣುವನ್ನು ಹೊತ್ತು ತಿರುಗುವುದು ಇದೇ. ಅರಿಜೋನಾ, ನ್ಯೂ ಮೆಕ್ಸಿಕೊ ಕಡೆಯ ಮರುಭೂಮಿಯಲ್ಲಾದರೆ ಪ್ಯಾಕ್‌ರ್‍ಯಾಟ್ ಅನ್ನುವ ದೊಡ್ಡ ಇಲಿಯೂ ಬರುತ್ತದೆ. ಅದು ಕಡ್ಡಿ, ಮುಳ್ಳು ಎಲ್ಲ ಎಳೆದು ತಂದು ಗೂಡು ಕಟ್ಟುತ್ತದೆ.

ಚಿಕ್ಕ ಇಲಿ ಕಾಲು ಇಂಚಿನ, ಅಂದರೆ 6 ಮಿಲಿಮೀಟರ್ ತೂತಿನಲ್ಲಿ ತೂರುತ್ತದೆ. ಅದಕ್ಕೇ ಒಂದು ಪೆನ್ಸಿಲ್ ಜೇಬಿನಲ್ಲಿ ಇಟ್ಟುಕೊಳ್ಳಿ. ಪೆನ್ಸಿಲ್ ತೂರಿದ ಕಡೆ ಇಲಿಯೂ ತೂರುತ್ತದೆ ಅಂತಲೇ ಲೆಕ್ಕ. ದೊಡ್ಡ ಇಲಿಗೆ ಅರ್ಧ ಇಂಚು ಬೇಕು. ಚಿಕ್ಕ ಇಲಿ ನಿಂತಲ್ಲಿಂದ ಒಂದು ಅಡಿ ಹಾರುತ್ತದೆ. ಟೈರು, ಜಾಕ್, ಕರೆಂಟಿನ ಕೇಬಲ್, ನೀರಿನ ಪೈಪು ಯಾವುದನ್ನಾದರೂ ಹತ್ತುತ್ತದೆ. ಹಾಗಾಗಿ ಚಕ್ರಕ್ಕೆ ತಗಡು ಸುತ್ತಿ ತಡೆಯುತ್ತೇನೆ ಅನ್ನುವುದು ಸುಮ್ನೆ ಶ್ರಮ. ಮನೆ ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಐದಾರು. ಅಕ್ಟೋಬರ್‌ನಲ್ಲಿ ಒಂದು ಜೋಡಿ ಒಳಗೆ ಸೇರಿಕೊಂಡರೆ ಏಪ್ರಿಲ್ ಹೊತ್ತಿಗೆ ಏನಾಗಿರುತ್ತದೆ ಅಂತ ನೀವೇ ಯೋಚಿಸಿ.

ಅವು ಮಾಡುವ ಹಾನಿಯೂ ಸಣ್ಣದಲ್ಲ. ಹಾಸಿಗೆ, ಕುಶನ್ ಕತ್ತರಿಸುತ್ತವೆ. ಇನ್ಸುಲೇಶನ್ ಮೂತ್ರದಲ್ಲಿ ನೆನೆದು ನಾರುತ್ತದೆ. ವೈರಿನ ಹೊದಿಕೆ ಕಡಿದು ಶಾರ್ಟ್ ಆಗುವ ಹಾಗೆ ಮಾಡುತ್ತವೆ. ಇಲಿ ಕಡಿದ ಹಾನಿಯನ್ನು ಬಹಳಷ್ಟು ವಿಮೆ ಪಾಲಿಸಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ.

ಹಂತ 1: ಈಗಾಗಲೇ ಒಳಗೆ ಇದೆಯಾ ನೋಡಿ

ಒಳಗಿರುವ ಇಲಿಯನ್ನು ಒಳಗೇ ಬಿಟ್ಟು ತೂತು ಮುಚ್ಚಿದರೆ ಅದು ಇನ್ನೊಂದು ಕಡೆ ಕಡಿದುಕೊಂಡು ಹೊರಬರುತ್ತದೆ, ಇಲ್ಲವೇ ಗೋಡೆಯಲ್ಲಿ ಸತ್ತು ನಾರುತ್ತದೆ. ಹಾಗಾಗಿ ಮೊದಲು ತಪಾಸಣೆ.

ಟಾರ್ಚ್ ಹಿಡಿದು ಎಲ್ಲ ಡ್ರಾಯರ್ ಪೂರ್ತಿ ಹೊರಗೆ ಎಳೆಯಿರಿ. ಊಟದ ಮೇಜಿನ (ಡೈನೆಟ್) ಸೀಟಿನ ಕೆಳಗೆ, ಹಾಸಿಗೆ ಅಡಿಯ ಪೆಟ್ಟಿಗೆ, ಸಿಂಕಿನ ಕೆಳಗೆ, ಫ್ಯೂಸ್ ಬಾಕ್ಸ್ ಹಿಂದೆ ನೋಡಿ. ಇಲಿ ಹಿಕ್ಕೆ 3ರಿಂದ 6 ಮಿಲಿಮೀಟರ್ ಉದ್ದ, ಕಪ್ಪು, ತುದಿ ಚೂಪು. ಚೂರು ಚೂರಾದ ಟಿಶ್ಯೂ, ಹಳದಿ ಅಥವಾ ಗುಲಾಬಿ ಇನ್ಸುಲೇಶನ್ ಎಳೆ ಕಂಡರೆ ಗೂಡು ಹತ್ತಿರದಲ್ಲೇ ಇದೆ.

ಹಿಕ್ಕೆ ಕಂಡ ತಕ್ಷಣ ಪೊರಕೆ ತೆಗೆದುಕೊಳ್ಳಬೇಡಿ. ಅಲ್ಲೇ ಬಿಡಿ. ಅದನ್ನು ಹೇಗೆ ತೆಗೆಯಬೇಕು ಅಂತ ಮುಂದೆ ವಿವರವಾಗಿ ಹೇಳಿದ್ದೇನೆ. ದಯವಿಟ್ಟು ಅದನ್ನು ಓದಿಯೇ ಕೈ ಹಾಕಿ.

ಅನುಮಾನ ಇದ್ದರೆ ಒಳಗೆ ಸ್ನ್ಯಾಪ್ ಟ್ರ್ಯಾಪ್ (ಸ್ಪ್ರಿಂಗಿನ ಇಲಿಗತ್ತರಿ) ಇಟ್ಟು ಒಂದು ವಾರ ಕಾಯಿರಿ. ದಿನವೂ ನೋಡಿ. ವಾರವಿಡೀ ಏನೂ ಬೀಳದೆ, ಹೊಸ ಹಿಕ್ಕೆಯೂ ಕಾಣದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಅಡುಗೆಮನೆ ಪೂರ್ತಿ ಖಾಲಿ ಮಾಡಿ

ಇಲ್ಲಿನ ಮಾರ್ಗದರ್ಶಿಗಳಲ್ಲಿ ಚಿಪ್ಸು, ಸೀರಿಯಲ್ ತೆಗೆಯಿರಿ ಅಂತ ಬರೆದಿರುತ್ತಾರೆ. ನಮ್ಮ ಟ್ರೇಲರ್‌ನ ಕಪಾಟು ಬೇರೆ ತರಹ. ಅವಲಕ್ಕಿ, ರವೆ, ರಾಗಿಹಿಟ್ಟು, ಹುರಿಗಡಲೆ, ಕಡಲೆಕಾಯಿ ಬೀಜ, ಒಣಕೊಬ್ಬರಿ, ಬೆಲ್ಲ, ಚಟ್ನಿಪುಡಿ. ಎಣ್ಣೆ, ಕಾಳು, ಸಿಹಿ ಮೂರೂ ಒಂದೇ ಕಡೆ. ಇಲಿಗೆ ಹಬ್ಬ. ಜಿಪ್ ಕವರು, ತೆಳು ಪ್ಲಾಸ್ಟಿಕ್ ಡಬ್ಬಿ ಅದಕ್ಕೆ ಲೆಕ್ಕಕ್ಕಿಲ್ಲ. ಓಡಾಡುವ ದಿನಗಳಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬಳಸಿ. ನಿಲ್ಲಿಸಿ ಬೀಗ ಹಾಕುವಾಗ ಡಬ್ಬಿಯನ್ನೂ ಒಳಗೆ ಬಿಡಬೇಡಿ. ಒಂದು ಕಾಳೂ ಉಳಿಯಬಾರದು.

ಎಲ್ಲರೂ ಮರೆಯುವ ಜಾಗ ಸ್ಟವ್. ಬರ್ನರ್ ಮೇಲಿನ ಕಂಬಿ ತೆಗೆದು, ಮೇಲಿನ ತಗಡನ್ನು ಎತ್ತಿ ನೋಡಿ. ಹೆಚ್ಚಿನ ಟ್ರೇಲರ್ ಸ್ಟವ್‌ಗಳಲ್ಲಿ ಅದು ಎರಡು ಸ್ಕ್ರೂ ಅಥವಾ ಕ್ಲಿಪ್ಪಿನಲ್ಲಿ ನಿಂತಿರುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ, ಉದುರಿದ ಉದ್ದಿನಬೇಳೆ, ಅಂಟು ಹಿಡಿದ ಎಣ್ಣೆ, ದೋಸೆ ಹಿಟ್ಟಿನ ಒಣಗಿದ ಹನಿ ಎಲ್ಲ ಅಲ್ಲಿ ಸೇರಿಕೊಂಡಿರುತ್ತವೆ. ಕಪಾಟು ಎಷ್ಟು ತೊಳೆದರೂ ಈ ತಗಡಿನ ಕೆಳಗೆ ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ಸೋಪಿನ ಬಿಸಿನೀರಿನಲ್ಲಿ ಒರೆಸಿ. ಗ್ಯಾಸ್ ಪೈಪಿನ ಜೋಡಣೆ ಅಲ್ಲಾಡಿಸಬೇಡಿ.

ಆಮೇಲೆ ಸೋಪು, ಮೇಣದಬತ್ತಿ, ನಾಯಿ ಊಟ ತೆಗೆಯಿರಿ. ಟಿಶ್ಯೂ, ಟಾಯ್ಲೆಟ್ ಪೇಪರ್, ದಿಂಬು, ಹೊದಿಕೆ, ಟವಲ್ ಇವೆಲ್ಲ ಗೂಡಿನ ಸಾಮಾನು. ಸಾಧ್ಯವಾದಷ್ಟೂ ಮನೆಯೊಳಗೆ ತನ್ನಿ. ಕುಶನ್‌ಗಳನ್ನು ತರಲು ಜಾಗ ಇಲ್ಲದಿದ್ದರೆ ಗೋಡೆಗೆ ಒರಗಿಸದೆ ನಡುವೆ ನೆಟ್ಟಗೆ ನಿಲ್ಲಿಸಿ. ಡ್ರಾಯರ್, ಕಪಾಟಿನ ಬಾಗಿಲು, ಫ್ರಿಜ್ ಬಾಗಿಲು ಎಲ್ಲ ತೆರೆದೇ ಇರಲಿ. ಕತ್ತಲೆಯ ಮುಚ್ಚಿದ ಮೂಲೆ ಕಡಿಮೆಯಾದಷ್ಟೂ ಒಳ್ಳೆಯದು.

ಹಂತ 3: ತೂತು ಹುಡುಕುವುದು

ಈ ಕೆಲಸಕ್ಕೆ ಅತಿ ಜಾಸ್ತಿ ಸಮಯ ಕೊಡಿ.

ಮೊದಲು ಸುರಕ್ಷತೆ. ಟ್ರೇಲರ್ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಡಿ. ಬರೀ ಜಾಕ್ ಮೇಲೆ ಎತ್ತಿ ನಿಲ್ಲಿಸಿದ ಟ್ರೇಲರ್ ಅಡಿಗೆ ಯಾವತ್ತೂ ಹೋಗಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮೇಲಿಂದ ತುಕ್ಕು ಉದುರುತ್ತದೆ.

ರಾತ್ರಿ ಆದ ಮೇಲೆ ಇಬ್ಬರು ಬೇಕು. ಒಬ್ಬರು ಜೋರು ಬೆಳಕಿನ ಟಾರ್ಚ್ ಹಿಡಿದು ಕೆಳಗೆ ಮಲಗಿ. ಇನ್ನೊಬ್ಬರು ಒಳಗೆ ದೀಪ ಆರಿಸಿ, ಸಿಂಕಿನ ಕಪಾಟಿಗೆ ತಲೆ ಹಾಕಿ ಕೂರಲಿ. ಕೆಳಗಿನವರು ಬೆಳಕನ್ನು ನಿಧಾನವಾಗಿ ನೆಲದುದ್ದಕ್ಕೂ ಸರಿಸುತ್ತಾ ಹೋಗಬೇಕು. ನಮ್ಮಲ್ಲಿ ಒಳಗೆ ಕೂರುವುದು ನನ್ನ ಹೆಂಡತಿ. "ರೀ, ಅಲ್ಲೇ ನಿಲ್ಲಿಸ್ರೀ, ಪೈಪ್ ಪಕ್ಕ ಬೆಳಕು ಬರ್ತಿದೆ" ಅಂತ ಕೂಗಿದ ಕಡೆಯೆಲ್ಲ ನಾನು ಕೆಳಗಿನಿಂದ ಸೀಮೆಸುಣ್ಣದ ಗುರುತು ಹಾಕುತ್ತೇನೆ, ಅವಳು ಒಳಗಿನಿಂದ ಬಣ್ಣದ ಟೇಪ್ ಅಂಟಿಸುತ್ತಾಳೆ. ಮರುದಿನ ಹಗಲಲ್ಲಿ ಕೆಲಸ ಮಾಡಲು ಈ ಎರಡೂ ಗುರುತು ಬೇಕೇ ಬೇಕು. ಒಂದೇ ತೂತು ಕೆಳಗಿನಿಂದ ಒಂದು ಜಾಗದಲ್ಲಿ, ಒಳಗಿನಿಂದ ಬೇರೆ ಜಾಗದಲ್ಲಿ ಇರುವ ಹಾಗೆ ಕಾಣುತ್ತದೆ.

ಎಲ್ಲಿ ಜಾಸ್ತಿ ಸಿಗುತ್ತದೆ ಗೊತ್ತಾ? ಸಿಂಕಿನ ಕೆಳಗೆ ಪೈಪು ನೆಲ ದಾಟುವ ಕಡೆ. ಅರ್ಧ ಇಂಚಿನ ನೀರಿನ ಪೈಪಿಗೆ ಕಾರ್ಖಾನೆಯಲ್ಲಿ ಎರಡು ಇಂಚಿನ ತೂತು ಕೊರೆದು ಹಾಗೇ ಬಿಟ್ಟಿರುವುದು ತೀರಾ ಸಾಮಾನ್ಯ. ಶವರ್ ತಟ್ಟೆಯ ಅಡಿ, ಟಾಯ್ಲೆಟ್ ಪೈಪಿನ ಸುತ್ತ, ಗ್ಯಾಸ್ ಪೈಪು ಒಳಬರುವ ಕಡೆ ನೋಡಿ. ಹಿಂದಿನ ದೀಪ ಮತ್ತು ಬ್ರೇಕಿನ ವೈರು ನೆಲ ದಾಟುವಲ್ಲೂ ಹಾಗೇ. ಹೊರಗಿನ ಕರೆಂಟ್ ಕೇಬಲ್ ಒಳಗೆ ತಳ್ಳುವ ಚಿಕ್ಕ ಬಾಗಿಲು ಮುರಿದಿದೆಯಾ ನೋಡಿ. ಚಕ್ರದ ಮೇಲಿನ ಗುಮ್ಮಟದ ಅಂಚು ಬಿಟ್ಟುಕೊಂಡಿರುತ್ತದೆ. ಹೊರಗಿನ ಸಾಮಾನು ಪೆಟ್ಟಿಗೆಯ ಬಾಗಿಲಿನ ರಬ್ಬರ್ ಒಣಗಿ ಮೂಲೆಯಲ್ಲಿ ಸಂದು ಆಗಿರುತ್ತದೆ. ಸ್ಲೈಡ್-ಔಟ್ (ಹೊರಕ್ಕೆ ಸರಿಸಿ ಜಾಗ ಹಿಗ್ಗಿಸುವ ಭಾಗ) ಇದ್ದರೆ ಅದರ ಕೆಳಮೂಲೆಗಳನ್ನು ಬಿಡಬೇಡಿ.

ಕೆಲವು ಟ್ರೇಲರ್‌ಗಳ ಅಡಿಭಾಗ ಪೂರ್ತಿ ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರುತ್ತದೆ. ಅದಕ್ಕೆ ಕೊರೊಪ್ಲಾಸ್ಟ್ ಅನ್ನುತ್ತಾರೆ. ನೋಡೋಕೆ ಭದ್ರ. ಆದರೆ ಅದರ ಅಂಚು ಚಾಸಿಗೆ (ಅಡಿಯ ಲೋಹದ ಚೌಕಟ್ಟಿಗೆ) ಸೇರುವ ಕಡೆ, ಪೈಪು ಹೊರಬರುವ ಕಡೆ ಸಂದುಗಳು ಇದ್ದೇ ಇರುತ್ತವೆ. ಹಾಳೆ ಮತ್ತು ನೆಲದ ನಡುವೆ ಬೆಚ್ಚಗಿರುತ್ತದೆ, ಇನ್ಸುಲೇಶನ್ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಿದ್ದರೆ ಟಾರ್ಚಿನ ಪರೀಕ್ಷೆ ಸಾಲದು, ಅಂಚಿನುದ್ದಕ್ಕೂ ಪೆನ್ಸಿಲ್ ಆಡಿಸಿಯೇ ನೋಡಬೇಕು. ಸ್ಕ್ಯಾಂಪ್, ಕ್ಯಾಸಿಟಾ ತರಹದ ಫೈಬರ್‌ಗ್ಲಾಸ್ ಚಿಪ್ಪಿನ ಟ್ರೇಲರ್ ಇಟ್ಟುಕೊಂಡವರಿಗೆ ಕೆಲಸ ಕಡಿಮೆ. ಗೋಡೆಯಲ್ಲಿ ಜೋಡಣೆಗಳೇ ಕಡಿಮೆ ಇರುತ್ತವೆ. ಆದರೂ ನೆಲದ ಪೈಪಿನ ತೂತು ಅವಕ್ಕೂ ತಪ್ಪಿದ್ದಲ್ಲ.

ಹಂತ 4: ಮುಚ್ಚುವುದು

ಬೇಕಾಗುವ ಸಾಮಾನು ಹೋಮ್ ಡಿಪೋದಂಥ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ತಾಮ್ರದ ಮೆಶ್ ಒಂದು ಸುರುಳಿ, ಕಾಲು ಇಂಚು ಕಣ್ಣಿನ ತಂತಿ ಬಲೆ (ಅಂಗಡಿಯಲ್ಲಿ ಹಾರ್ಡ್‌ವೇರ್ ಕ್ಲಾತ್ ಅಂತ ಕೇಳಿ), ಪಾಲಿಯುರೆಥೇನ್ ಸೀಲಂಟ್ (ಸಂದು ಮುಚ್ಚುವ ಅಂಟು), ಡಕ್ಟ್ ಸೀಲ್ ಪುಟ್ಟಿ, ಅಗಲ ವಾಶರ್, ಚಿಕ್ಕ ಸ್ಕ್ರೂ, ತಗಡು ಕತ್ತರಿ, ದಪ್ಪ ಗ್ಲೌಸು. ಸ್ಪ್ರೇ ಫೋಮ್ ಬೇಕಿದ್ದರೆ ಒಂದು ಡಬ್ಬ.

ಸ್ಪ್ರೇ ಫೋಮ್ ಒಂದನ್ನೇ ನಂಬಬೇಡಿ. ಅದನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿದುಕೊಂಡು ಹೋಗುತ್ತದೆ. ಮೆಶ್ ಜಾರದಂತೆ ಹಿಡಿದುಕೊಳ್ಳಲು ಮಾತ್ರ ಫೋಮ್ ಸರಿ. ಮಾಮೂಲಿ ಸ್ಟೀಲ್ ವುಲ್ ಕೂಡ ಹಾಗೇ. ಇಲಿ ಅದನ್ನು ಕಡಿಯುವುದಿಲ್ಲ ನಿಜ, ಆದರೆ ಟ್ರೇಲರ್ ಅಡಿಯ ತೇವಕ್ಕೆ ಅದು ತುಕ್ಕು ಹಿಡಿದು ಪುಡಿಯಾಗುತ್ತದೆ. ತಾಮ್ರ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆದರೆ ಆ ತೊಂದರೆಯಿಲ್ಲ.

ಪೈಪಿನ ಸುತ್ತಲಿನ ತೂತು ಹೀಗೆ ಮುಚ್ಚಿ. ಸುತ್ತಲಿನ ಧೂಳು ಒರೆಸಿ. ತಾಮ್ರದ ಮೆಶ್ ಒಂದು ಗೇಣು ಕತ್ತರಿಸಿ ಪೈಪಿಗೆ ಸಡಿಲವಾಗಿ ಸುತ್ತಿ. ಸ್ಕ್ರೂಡ್ರೈವರ್ ತುದಿಯಿಂದ ಸಂದಿಗೆ ತುರುಕುತ್ತಾ ಹೋಗಿ. ಬೆರಳಲ್ಲಿ ಒತ್ತಿದರೆ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ತಳ್ಳಬೇಕು, ಎಳೆದರೆ ಬರಬಾರದು. ಸುಲಭವಾಗಿ ಬಂದರೆ ಇನ್ನಷ್ಟು ತುರುಕಿ. ಮೆಶ್ ನೆಲದ ಮಟ್ಟಕ್ಕಿಂತ ಸ್ವಲ್ಪ ಒಳಗಿರಲಿ. ಅದರ ಮೇಲೆ ಸೀಲಂಟ್ ಹಚ್ಚಿ ಒದ್ದೆ ಬೆರಳಿನಿಂದ ಸವರಿ. ಮಾಮೂಲಿ ಸಿಲಿಕೋನ್‌ಗಿಂತ ಪಾಲಿಯುರೆಥೇನ್ ಒಳ್ಳೆಯದು, ರಸ್ತೆಯ ಅಲುಗಾಟಕ್ಕೆ ಬೇಗ ಬಿಟ್ಟುಕೊಳ್ಳುವುದಿಲ್ಲ.

ವೈರು ಹೋಗುವ ತೂತಿನಲ್ಲಿ ಒಂದು ಎಚ್ಚರಿಕೆ ಬೇಕು. ಲೋಹದ ಮೆಶ್ ಓಡುವ ಟ್ರೇಲರ್‌ನಲ್ಲಿ ವೈರಿನ ಹೊದಿಕೆಯನ್ನು ಉಜ್ಜುತ್ತಲೇ ಇರುತ್ತದೆ. ಮೊದಲು ವೈರಿಗೆ ಸೀಳಿದ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಆಮೇಲೆ ಮೆಶ್, ಅದರ ಮೇಲೆ ಡಕ್ಟ್ ಸೀಲ್ ಪುಟ್ಟಿ. ಕೆಲಸ ಶುರು ಮಾಡುವ ಮುಂಚೆ ಹೊರಗಿನ ಕರೆಂಟ್ ತೆಗೆದು, ಬ್ಯಾಟರಿಯನ್ನೂ ಬಿಚ್ಚಿ.

ಒಂದು ಇಂಚಿಗಿಂತ ದೊಡ್ಡ ತೂತಿಗೆ ತಂತಿ ಬಲೆ. ಎಲ್ಲ ಕಡೆ ಒಂದು ಇಂಚು ಹೆಚ್ಚು ಬರುವ ಹಾಗೆ ಕತ್ತರಿಸಿ, ಪೈಪಿಗೆ ಜಾಗ ಬಿಟ್ಟು ಸೀಳಿ, ವಾಶರ್ ಹಾಕಿ ನೆಲದ ಪ್ಲೈವುಡ್‌ಗೆ ಸ್ಕ್ರೂ ಮಾಡಿ. ಸ್ಕ್ರೂ ಉದ್ದ ನೋಡಿಕೊಳ್ಳಿ. ಮೇಲೆ ನೀರಿನ ಟ್ಯಾಂಕು, ಗ್ಯಾಸ್ ಪೈಪು, ವೈರು ಇರಬಹುದು. ಏನಿದೆ ಅಂತ ಗೊತ್ತಿಲ್ಲದ ಕಡೆ ಡ್ರಿಲ್ ಹಾಕಲೇಬೇಡಿ. ಕೊರೊಪ್ಲಾಸ್ಟ್ ಅಂಚಿಗೂ ಇದೇ ಬಲೆಯನ್ನು ಪಟ್ಟಿಯಾಗಿ ಕತ್ತರಿಸಿ ಚಾಸಿಯ ಜೊತೆ ಸೇರಿಸಬಹುದು. ಹರಿದ ಕಡೆಗೆ ಕೊರೊಪ್ಲಾಸ್ಟ್ ಟೇಪ್ ಇದೆ.

ಮುಚ್ಚಲೇಬಾರದ ತೂತುಗಳು

ಎಲ್ಲ ತೂತೂ ಇಲಿಯ ದಾರಿಯಲ್ಲ, ಕೆಲವು ನಿಮ್ಮ ಪ್ರಾಣ ಕಾಯಲು ಇರುವಂಥವು. ಟ್ರೇಲರ್‌ನ ಸಿಲಿಂಡರಿನಲ್ಲಿರುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ಹೊರಹೋಗಲಿ ಅಂತ ಸಿಲಿಂಡರ್ ಪೆಟ್ಟಿಗೆಯ ಅಡಿಯಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಬ್ಯಾಟರಿ ಪೆಟ್ಟಿಗೆಯ ಕಿಂಡಿ ಹೈಡ್ರೋಜನ್ ಹೊರಹೋಗಲು. ಇವನ್ನು ಫೋಮ್, ಸೀಲಂಟ್ ಹಾಕಿ ಮುಚ್ಚಬೇಡಿ.

ಫರ್ನೆಸ್ಸಿನ (ಟ್ರೇಲರ್ ಬೆಚ್ಚಗಿಡುವ ಗ್ಯಾಸ್ ಹೀಟರಿನ) ಹೊಗೆಕೊಳವೆಗೆ ಬಲೆ ಹಾಕುವುದನ್ನು ಹಲವು ತಯಾರಕರು ಕೈಪಿಡಿಯಲ್ಲೇ ಬೇಡ ಅಂದಿದ್ದಾರೆ. ಗಾಳಿಯ ಓಟಕ್ಕೆ ಅಡ್ಡಿಯಾಗುತ್ತದೆ. ನಿಮ್ಮ ಫರ್ನೆಸ್ ಮತ್ತು ವಾಟರ್ ಹೀಟರ್ ಕೈಪಿಡಿ ಓದಿ, ಅದು ಹೇಳಿದಂತೆ ಮಾಡಿ. ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಮಾತ್ರ ಹೊರಗಿನಿಂದ ತಗಡಿನ ಮುಚ್ಚಳ ಹಾಕಿ, ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, ಇನ್ನೊಂದು ಕೆಂಪು ರಿಬ್ಬನ್ ಒಳಗೆ ಥರ್ಮೋಸ್ಟಾಟ್‌ಗೆ ಕಟ್ಟಿ. ಮುಚ್ಚಳ ತೆಗೆಯದೆ ಯಾರೂ ಫರ್ನೆಸ್ ಹಚ್ಚಬಾರದು.

ಗ್ಯಾಸಿನಲ್ಲಿ ಓಡುವ ಫ್ರಿಜ್ ಇದ್ದರೆ ಹೊರಗೋಡೆಯಲ್ಲಿ ಜಾಲರಿ ಬಾಗಿಲು ಇರುತ್ತದೆ. ಅದರ ಸೀಳಿನಲ್ಲಿ ಇಲಿ ಆರಾಮಾಗಿ ಬರುತ್ತದೆ. ಬಾಗಿಲು ಬಿಚ್ಚಿ ಒಳಬದಿಗೆ ಕಾಲು ಇಂಚಿನ ಬಲೆ ಕಟ್ಟಿ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದು ಬೇಡ, ಫ್ರಿಜ್ ಬಿಸಿಯಾಗುತ್ತದೆ. ಚಾವಣಿಯ ಮೇಲಿನ ಫ್ರಿಜ್ ಕಿಂಡಿಗೂ ಹೀಗೇ ಮಾಡಿ.

ಹಂತ 5: ನಿಲ್ಲಿಸುವ ಜಾಗ

ಕಾಂಕ್ರೀಟು ಅಥವಾ ಜಲ್ಲಿ ನೆಲ ಒಳ್ಳೆಯದು. ಹುಲ್ಲಿನ ಮೇಲೆ ನಿಲ್ಲಿಸಲೇಬೇಕಾದರೆ ಸುತ್ತ ಮೂರಡಿ ಬೋಳಾಗಿ ಕತ್ತರಿಸಿ. ಸೌದೆ ರಾಶಿ, ಕಾಂಪೋಸ್ಟ್ ಗುಂಡಿ, ಹಕ್ಕಿಗೆ ಕಾಳು ಹಾಕುವ ತಟ್ಟೆ ಹತ್ತಿರ ಇರಬಾರದು. ಇಲಿ ಬಯಲನ್ನು ದಾಟಲು ಹೆದರುತ್ತದೆ, ಗೂಬೆ ಗಿಡುಗದ ಕಣ್ಣಿಗೆ ಬೀಳುತ್ತದೆ ಅಂತ. ಟ್ರೇಲರ್‌ಗೆ ನೆಲದವರೆಗೂ ಬರುವ ಕವರ್ ಹೊದಿಸಿದರೆ ಅದೇ ಇಲಿಗೆ ಮರೆಯಾಗುತ್ತದೆ. ಅಂಚನ್ನು ಮೇಲಕ್ಕೆ ಕಟ್ಟಿ.

ಸ್ಟೋರೇಜ್ ಯಾರ್ಡಿನಲ್ಲಾದರೆ ಬೇಲಿ ಪಕ್ಕದ, ಪೊದೆ ಬೆಳೆದ ಜಾಗ ಬೇಡ ಅನ್ನಿ. ನಡುವಿನ ಸಾಲು ಕೇಳಿ ಪಡೆಯಿರಿ. ತಿಂಗಳಿಗೆ ಒಮ್ಮೆಯಾದರೂ ಹೋಗಿ ಬಾಗಿಲು ತೆಗೆದು ನೋಡಿ.

ಹಂತ 6: ಕಾವಲಿಗೆ ಟ್ರ್ಯಾಪ್

ತೂತು ಎಲ್ಲ ಮುಚ್ಚಿದ ಮೇಲೂ ಒಂದು ಉಳಿದಿರಬಹುದು. ಅದನ್ನು ತೋರಿಸಿಕೊಡುವುದು ಟ್ರ್ಯಾಪ್. ಮರದ ಸ್ನ್ಯಾಪ್ ಟ್ರ್ಯಾಪ್ ಸಾಕು. ಕಡಲೆಕಾಯಿ ಬೆಣ್ಣೆ ಹೆಸರುಬೇಳೆಯಷ್ಟು ಹಚ್ಚಿ, ಜಾಸ್ತಿ ಬೇಡ. ಜಾಸ್ತಿಯಾದರೆ ಅಂಚಿನಿಂದ ನೆಕ್ಕಿಕೊಂಡು ಹೋಗುತ್ತದೆ. ಇಲಿ ಗೋಡೆಗೆ ಮೈ ತಾಗಿಸಿಕೊಂಡೇ ಓಡುತ್ತದೆ. ಅದಕ್ಕೇ ಟ್ರ್ಯಾಪ್ ಗೋಡೆಗೆ ಅಡ್ಡಲಾಗಿ, ಬೆಣ್ಣೆ ಹಚ್ಚಿದ ತುದಿ ಗೋಡೆಗೆ ತಾಗುವಂತೆ ಇಡಿ. ಸಿಂಕಿನ ಕೆಳಗೆ ಒಂದು, ಸೀಟಿನ ಪೆಟ್ಟಿಗೆಯಲ್ಲಿ ಒಂದು, ಹಾಸಿಗೆ ಅಡಿ ಒಂದು, ಬಾಗಿಲ ಹತ್ತಿರ ಒಂದು. ಮಕ್ಕಳು, ನಾಯಿ ಒಳಗೆ ಬರುವ ಮುಂಚೆ ಎತ್ತಿಡಿ. ಟ್ರ್ಯಾಪನ್ನು ಟ್ರೇಲರ್‌ನ ಹೊರಗೆ ಇಡುವುದಾದರೆ ಹಕ್ಕಿ ಕಾಲಿಗೆ ಸಿಗದಂತೆ ಪೆಟ್ಟಿಗೆಯೊಳಗೆ ಇಡಿ.

ಅಂಟಿನ ಹಲಗೆ ಬೇಡ. ಅದಕ್ಕೆ ಅಂಟಿದ ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ, ಅದು ಕ್ರೂರ. ಜೊತೆಗೆ ಹೆದರಿಕೆಯಲ್ಲಿ ಮೂತ್ರ ಮಾಡುತ್ತದೆ, ಅದರಿಂದ ರೋಗ ಹರಡುವ ಸಾಧ್ಯತೆ ಹೆಚ್ಚು. ಜೀವಂತ ಹಿಡಿದು ಬಿಡುವ ಬೋನಿಗೂ ಈ ಎರಡನೇ ತೊಂದರೆ ಇದೆ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಎರಡನ್ನೂ ಬೇಡ ಅನ್ನುತ್ತದೆ. ಕೊಲ್ಲಲು ಮನಸ್ಸು ಬಾರದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ನನಗೂ ಅದು ಅರ್ಥವಾಗುತ್ತದೆ. ಅಂಥವರು ಹಂತ 3 ಮತ್ತು 4ನ್ನು ಇನ್ನೂ ಶ್ರದ್ಧೆಯಿಂದ ಮಾಡಿ. ಒಳಗೆ ಬಾರದ ಇಲಿಯನ್ನು ಕೊಲ್ಲುವ ಪ್ರಶ್ನೆಯೇ ಇಲ್ಲ.

ಅಂಗಡಿಯ ಮಿಕ್ಕ ಮದ್ದುಗಳು

ವಿಷ ಬೇಡವೇ ಬೇಡ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಓಡಾಡಿ, ನಿಮ್ಮ ಗೋಡೆಯೊಳಗೇ ಸಾಯುತ್ತದೆ. ಹೊರಗೆ ಸತ್ತರೆ ಅದನ್ನು ತಿಂದ ಗೂಬೆ, ಗಿಡುಗ, ನರಿಗಳಿಗೂ ವಿಷ ಏರುತ್ತದೆ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾ 2021ರ ಜನವರಿಯಿಂದ ಬ್ರೋಡಿಫಾಕಮ್‌ನಂಥ ಎರಡನೇ ಪೀಳಿಗೆಯ ವಿಷಗಳ ಹೆಚ್ಚಿನ ಬಳಕೆಯನ್ನು ನಿಷೇಧಿಸಿತು.

ಶಬ್ದದ ಯಂತ್ರಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಪುರಾವೆ ಇಲ್ಲದೆ ಹೀಗೆ ಕೆಲಸ ಮಾಡುತ್ತದೆ ಅಂತ ಹೇಳಬೇಡಿ ಅಂತ. ನುಸಿಗುಳಿಗೆಯ ಆವಿ ಮುಚ್ಚಿದ ಟ್ರೇಲರ್‌ನಲ್ಲಿ ಕುಶನ್‌ಗೆಲ್ಲ ಹಿಡಿದು, ಬೇಸಿಗೆಯಲ್ಲಿ ಅದನ್ನು ಉಸಿರಾಡುವವರು ನಿಮ್ಮ ಮಕ್ಕಳು. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಪರಿಮಳದ ಡ್ರೈಯರ್ ಶೀಟನ್ನು ಇಲಿ ಗೂಡಿಗೆ ಹಾಸಿಕೊಳ್ಳುತ್ತದೆ. ಪುದೀನ ಎಣ್ಣೆಯ ವಾಸನೆ ಬೇಗ ಹಾರಿಹೋಗುತ್ತದೆ. ಇಷ್ಟವಿದ್ದರೆ ಇಡಿ, ನೆಚ್ಚಿಕೊಳ್ಳಬೇಡಿ.

ಇಲಿ ಬಂದುಬಿಟ್ಟಿದ್ದರೆ ಶುಚಿ ಮಾಡುವುದು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. 1993ರಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೊ, ಕೊಲೊರಾಡೊ, ಯೂಟಾ ಸೇರುವ ಕಡೆ ಆರೋಗ್ಯವಾಗಿದ್ದ ತರುಣರು ಉಸಿರಾಟದ ತೊಂದರೆಯಿಂದ ಇದ್ದಕ್ಕಿದ್ದಂತೆ ಸತ್ತರು. ಕಾರಣ ಹುಡುಕಿದಾಗ ಸಿಕ್ಕಿದ್ದು ಡೀರ್ ಮೌಸ್ ಹೊರುವ ಹಂಟಾವೈರಸ್. 2012ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ತಂಗಿದ್ದ 10 ಜನಕ್ಕೆ ಇದು ತಗುಲಿತು, 3 ಜನ ತೀರಿಕೊಂಡರು. ಸೋಂಕು ತಗುಲಿದವರಲ್ಲಿ ಬಹುತೇಕರು ತಂಗಿದ್ದು ಅಲ್ಲಿನ ಕರಿ ವಿಲೇಜ್‌ನ ಎರಡು ಪದರದ ಗೋಡೆಯ ಟೆಂಟ್ ಕ್ಯಾಬಿನ್‌ಗಳಲ್ಲಿ. ಗೋಡೆಯ ನಡುವಿನ ಇನ್ಸುಲೇಶನ್‌ನಲ್ಲಿ ಇಲಿಗಳು ಗೂಡು ಮಾಡಿದ್ದವು. ನಮ್ಮ ಟ್ರೇಲರ್ ಗೋಡೆಯೂ ಅದೇ ತರಹದ್ದು, ಅಲ್ವಾ? ಕಾಯಿಲೆ ಅಪರೂಪ ನಿಜ. ಆದರೆ ಶ್ವಾಸಕೋಶಕ್ಕೆ ಹಿಡಿದವರಲ್ಲಿ ಸುಮಾರು 38% ಜನ ಉಳಿಯುವುದಿಲ್ಲ.

ಒಣಗಿದ ಹಿಕ್ಕೆ, ಮೂತ್ರದ ಧೂಳು ಗಾಳಿಗೆ ಎದ್ದು ಉಸಿರಿಗೆ ಸೇರುವುದೇ ಅಪಾಯ. ಆದ್ದರಿಂದ ಗುಡಿಸಬಾರದು, ವ್ಯಾಕ್ಯೂಮ್ ಹಾಕಬಾರದು.

ಎಲ್ಲ ಕಿಟಕಿ, ಬಾಗಿಲು ತೆರೆದು ಕನಿಷ್ಠ 30 ನಿಮಿಷ ಹೊರಗಿರಿ. ರಬ್ಬರ್ ಗ್ಲೌಸು, ಎನ್95 ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ. ಅದನ್ನು ಅವತ್ತೇ ಮಾಡಿ, ಅವತ್ತೇ ಮುಗಿಸಿ. ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಹಿಕ್ಕೆ, ಗೂಡು, ಸತ್ತ ಇಲಿ ಎಲ್ಲದರ ಮೇಲೆ ತೊಯ್ದು ತೊಪ್ಪೆಯಾಗುವಷ್ಟು ಮೆಲ್ಲಗೆ ಸಿಂಪಡಿಸಿ. ಐದು ನಿಮಿಷ ಬಿಡಿ. ಪೇಪರ್ ಟವಲ್‌ನಿಂದ ತೆಗೆದು, ಎರಡು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಆ ಜಾಗವನ್ನು ಮತ್ತೊಮ್ಮೆ ಬ್ಲೀಚ್ ನೀರಿನಿಂದ ಒರೆಸಿ. ಗ್ಲೌಸು ತೆಗೆಯುವ ಮೊದಲು ಗ್ಲೌಸನ್ನೇ ತೊಳೆಯಿರಿ, ಆಮೇಲೆ ಕೈ.

ಹೊದಿಕೆ, ಪರದೆ ಬಿಸಿನೀರಿನಲ್ಲಿ ಒಗೆಯಿರಿ. ಗೂಡು ಕಟ್ಟಿದ ಹಾಸಿಗೆ, ಮೂತ್ರ ಹಿಡಿದ ಇನ್ಸುಲೇಶನ್ ಉಳಿಸಿಕೊಳ್ಳಬೇಡಿ. ಒದ್ದೆ ಮಾಡಿ, ಕವರಿಗೆ ತುಂಬಿ ಎಸೆಯಿರಿ. ಗೋಡೆ, ನೆಲದೊಳಗೆ ಪೂರ್ತಿ ಹರಡಿದ್ದರೆ ವೃತ್ತಿಯವರನ್ನು ಕರೆಸಿ.

ಶುಚಿ ಮಾಡಿದ ನಂತರದ ಎಂಟು ವಾರದಲ್ಲಿ ಜ್ವರ, ತೊಡೆ ಸೊಂಟದಲ್ಲಿ ವಿಪರೀತ ನೋವು, ಆಮೇಲೆ ಕೆಮ್ಮು, ಏದುಸಿರು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಇಲಿ ಹಿಕ್ಕೆ ತೆಗೆದಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ.

ಮತ್ತೆ ಹೊರಡುವ ಮುಂಚೆ

ವಸಂತದಲ್ಲಿ ಬಾಗಿಲು ತೆಗೆದಾಗ ಮೊದಲು ಮೂಸಿ ನೋಡಿ, ಆಮೇಲೆ ಟ್ರ್ಯಾಪ್‌ಗಳನ್ನು ನೋಡಿ. ಯಾವುದರಲ್ಲಾದರೂ ಇಲಿ ಬಿದ್ದಿದ್ದರೆ ಅದರ ಹತ್ತಿರದಲ್ಲೇ ತೂತು ಹುಡುಕಿ. ರಸ್ತೆಯ ಅಲುಗಾಟಕ್ಕೆ ಸ್ಕ್ರೂ ಸಡಿಲವಾಗಿರುತ್ತದೆ, ಸೀಲಂಟ್ ಬಿಟ್ಟಿರುತ್ತದೆ. ಆ ಕಡೆ ಮೆಶ್ ಹೊಸದು ತುರುಕಿ.

ಫರ್ನೆಸ್ ಮುಚ್ಚಳ, ಕೆಂಪು ರಿಬ್ಬನ್ ಎರಡೂ ತೆಗೆಯಿರಿ. ಹೊಗೆಕೊಳವೆಯೊಳಗೆ ಟಾರ್ಚ್ ಹಾಕಿ ಗೂಡು ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಬ್ಯಾಟರಿ ಜೋಡಿಸುವ ಮೊದಲು ಫ್ಯೂಸ್ ಬಾಕ್ಸ್ ಹಿಂದಿನ ವೈರು, ಬ್ರೇಕಿನ ವೈರು ನೋಡಿ. ಕಾರ್ಬನ್ ಮೊನಾಕ್ಸೈಡ್ ಮತ್ತು ಪ್ರೊಪೇನ್ ಅಲಾರಂಗಳ ಬಟನ್ ಒತ್ತಿ ಸದ್ದು ಕೇಳಿಸಿಕೊಳ್ಳಿ. ಆಮೇಲೆ ಕಿಟಕಿ ತೆರೆದಿಟ್ಟು ಫರ್ನೆಸ್ ಹತ್ತು ನಿಮಿಷ ಓಡಿಸಿ. ಕೂದಲು ಸುಟ್ಟ ವಾಸನೆಯೋ ಮೂತ್ರದ ವಾಸನೆಯೋ ಬಂದರೆ ತಕ್ಷಣ ಆರಿಸಿ. ಗಾಳಿಕೊಳವೆ ಬಿಚ್ಚಿ ನೋಡುವವರೆಗೆ ಟ್ರೇಲರ್‌ನಲ್ಲಿ ಯಾರೂ ಮಲಗಬೇಡಿ.